ಕೆರೆಗೆ ಇಳಿದವರು

ಕಳೆದ ವಾರ ನಮ್ಮ ಮನೆಯ ಸಂಪು ತೊಳೆಯಲು ಇಬ್ಬರು ಬಂದಿದ್ದರು. ಹುಬ್ಬಳ್ಳಿಯಲ್ಲಿ ನಮ್ಮ ಕಡೆಗೆ ನಳದ ನೀರು ಬರುವುದೆಂದರೆ ದೂರದ ನೆಂಟರು ಬಂದ ಹಾಗೆ. ಬಂದಾಗ ತುಂಬಿಟ್ಟುಕೊಂಡು ಮತ್ತೆ ಬರುವವರೆಗೆ ದಾರಿ ಕಾಯಬೇಕು. ಹಾಗೆ ತುಂಬಿಟ್ಟ ನೀರಿನ ತಳದಲ್ಲಿ ಕೂತ ಕೆಸರನ್ನು ಅವರು ಬುಟ್ಟಿಯಲ್ಲಿ ಎತ್ತಿ ಅಂಗಳದ ಮೂಲೆಗೆ ಸುರಿದರು. ಪಡಸಾಲೆಯಲ್ಲಿ ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತಿದ್ದ ನನಗೆ ಆ ವಾಸನೆ ಮೂಗಿಗೆ ಬಡಿದದ್ದೇ ಕೈ ನಿಂತುಹೋಯಿತು. ಸೊಸೆ ಬಂದು ತಲೆ ತಿರುಗುತ್ತಿದೆಯೇ ಎಂದು ಕೇಳಿದಳು. ಇಲ್ಲ ಎಂದೆ. ಒಂದು ಕೆರೆ ನೆನಪಾಯಿತು ಎಂದಿದ್ದರೆ ಅವಳು ಬಿಪಿ ನೋಡುವ ಯಂತ್ರ ತರಲು ಒಳಗೆ ಓಡುತ್ತಿದ್ದಳು. ಅದಕ್ಕೇ ಅವಳಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ನೀವು ಯಂತ್ರ ತರುವವರಲ್ಲ ಎಂಬ ನಂಬಿಕೆ ನನಗಿದೆ.

ನಾನು ಗುಡಗೇರಿಯವಳು. ಎಪ್ಪತ್ತರ ದಶಕದ ಮೊದಲಿಗೆ ಅಣ್ಣಿಗೇರಿಯಾಚೆಯ ಒಂದು ಊರಿಗೆ ಸೊಸೆಯಾಗಿ ಹೋದೆ. ಊರ ಹೆಸರು ಬೇಡ, ಅಲ್ಲಿ ಇನ್ನೂ ನೆಂಟರಿದ್ದಾರೆ. ತವರಿನ ಹಿತ್ತಲಲ್ಲೇ ಬಾವಿಯಿತ್ತು. ನೀರು ಸೇದುವುದು ಒಂದು ಕೆಲಸವೆಂದೇ ನನಗೆ ಅನಿಸಿರಲಿಲ್ಲ. ಗಂಡನ ಊರಿನಲ್ಲಿ ಎಲ್ಲಿ ತೋಡಿದರೂ ಸವಳು ನೀರು. ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ, ಸಾಬೂನು ನೊರೆಯಾಗುತ್ತಿರಲಿಲ್ಲ. ಕುಡಿಯಲು ಇದ್ದದ್ದು ಒಂದೇ ಕೆರೆ. ಮಳೆಗಾಲದಲ್ಲಿ ತುಂಬಿದ್ದನ್ನು ಊರೆಲ್ಲ ಮುಂದಿನ ಮಳೆಯವರೆಗೆ ಕುಡಿಯಬೇಕು.

ಹಾಗಾಗಿ ಆ ಕೆರೆಯ ನೇಮ ಬಹಳ ಬಿಗಿ. ಚಪ್ಪಲಿ ದಂಡೆಯ ಕೆಳಗೇ ಬಿಡಬೇಕು. ದನಗಳಿಗೆ ಬೇರೆ ಹೊಂಡ. ನೀರಿನ ಅಂಚಿಗಿರುವ ಹಾಸುಗಲ್ಲಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಬಗ್ಗಿ, ಕೊಡ ಮುಳುಗಿಸಬೇಕು. ಕಾಲಿನ ಬೆರಳೂ ನೀರಿಗೆ ತಾಗಬಾರದು. ಇದು ಬರೀ ಮಡಿಯ ಮಾತಾಗಿರಲಿಲ್ಲ. ಆ ಕಡೆ ನಾರುಹುಣ್ಣು ಎಂಬ ರೋಗವಿತ್ತು. ಕಾಲಿನ ಹುಣ್ಣಿನಿಂದ ದಾರದಂಥ ಹುಳ ಹೊರಗೆ ಬರುತ್ತಿತ್ತು, ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪವೇ ಎಳೆಯಬೇಕಾಗುತ್ತಿತ್ತು. ಒಬ್ಬನ ಕಾಲು ನೀರಿಗಿಳಿದರೆ ಹುಳ ಊರಿಗೆಲ್ಲ ಹಂಚಿಹೋಗುತ್ತದೆ ಎಂದು ಮನೆಮನೆಗೆ ತಿರುಗಿ ಹೇಳಿದವರಲ್ಲಿ ನನ್ನ ಮಾವ ದೇವದಾಸ ಮಾಸ್ತರರು ಮೊದಲಿಗರು. ಕನ್ನಡ ಶಾಲೆಯಿಂದ ನಿವೃತ್ತರಾಗಿದ್ದರೂ ಊರಿನ ಅರ್ಧ ಜನ ಅವರ ಕೈಯಲ್ಲಿ ಪೆಟ್ಟು ತಿಂದವರೇ ಆದ್ದರಿಂದ ಮಾತು ನಡೆಯುತ್ತಿತ್ತು.

ನಮ್ಮದು ಕಿರಸ್ತಾನರ ಓಣಿ. ಕೈಬೆರಳಲ್ಲಿ ಎಣಿಸುವಷ್ಟು ಮನೆಗಳು, ಒಂದು ಹಂಚಿನ ದೇವಾಲಯ. ಮಾವನವರ ಅಪ್ಪನ ಕಾಲದಲ್ಲಿ ನಮ್ಮ ಹೆಂಗಸರು ಕೆರೆಯ ದಂಡೆಯ ಮೇಲೆ ಖಾಲಿ ಕೊಡ ಹಿಡಿದು ನಿಲ್ಲಬೇಕಾಗಿತ್ತಂತೆ. ಬೇರೆ ಯಾರಾದರೂ ಮನಸ್ಸು ಮಾಡಿ ಮೇಲಿನಿಂದ ನೀರು ಹೊಯ್ದರೆ ಉಂಟು, ಇಲ್ಲದಿದ್ದರೆ ಬಿಸಿಲಲ್ಲಿ ಕಾಯಬೇಕು. ಆ ಮುದುಕರು ವರ್ಷಗಟ್ಟಲೆ ಊರ ಹಿರಿಯರ ಮನೆ ಅಲೆದು, ನಮ್ಮ ಓಣಿಗೆಂದು ಒಂದು ಹಾಸುಗಲ್ಲು ಹಾಕಿಸಿಕೊಂಡಿದ್ದರು. ಮನೆಯಲ್ಲಿ ಅದನ್ನು ಅಜ್ಜನ ಕಲ್ಲು ಎನ್ನುತ್ತಿದ್ದರು. ಮದುವೆಯಾಗಿ ಬಂದ ಮೊದಲ ದಿನವೇ ಅತ್ತೆ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಕೂರುವ ರೀತಿ ಕಲಿಸಿದ್ದರು. ನನಗೆ ಮೂರು ಸಲ ಕಾಲು ಜಾರಿತು. ಬಾವಿಯ ಊರಿನವಳು ಎಂದು ಓಣಿಯೆಲ್ಲ ನಕ್ಕಿತು.

ಮನೆಯ ಇನ್ನರ್ಧ ಭಾಗದಲ್ಲಿ ಮಾವನ ತಮ್ಮ ಸುಂದರಪ್ಪ ಇದ್ದರು, ನನಗೆ ಸಣ್ಣ ಮಾವ. ಅಣ್ಣಿಗೇರಿಯ ಹತ್ತಿಯ ಗಿರಣಿಯಲ್ಲಿ ಕೆಲಸ. ಮೀಸೆಯ ತುಂಬ ಹತ್ತಿಯ ಎಳೆ ಅಂಟಿಸಿಕೊಂಡು, ದಾರಿಯಿಂದಲೇ ಹಾಡುತ್ತ ಬರುವ ಮನುಷ್ಯ. ಅಣ್ಣತಮ್ಮಂದಿರು ದಿನಾ ಒಂದೇ ತಾಟಿನ ಎರಡು ಬದಿಗೆ ಕೂತು ಉಣ್ಣುತ್ತಿದ್ದರು ಎಂದರೆ ಈಗಿನವರು ನಂಬುವುದಿಲ್ಲ. ಹುಬ್ಬಳ್ಳಿಯಲ್ಲಿ ಒಬ್ಬ ಬೋಧಕರ ಕೂಟಕ್ಕೆ ಹೋಗಿಬಂದ ಮೇಲೆ ಸಣ್ಣ ಮಾವ ಬದಲಾದರು. ಕೂಸಿನ ತಲೆಗೆ ನೀರು ಚಿಮುಕಿಸುವುದು ದೀಕ್ಷಾಸ್ನಾನವೇ ಅಲ್ಲ, ತಿಳಿವಳಿಕೆ ಬಂದವನು ತಾನೇ ನಂಬಿ ಪೂರ್ತಿ ನೀರಿನಲ್ಲಿ ಮುಳುಗಿ ಏಳಬೇಕು ಎಂದು ಅವರಿಗೆ ಮನದಟ್ಟಾಯಿತು. ಅಲ್ಲಿಯೇ ಮುಳುಗಿಯೂ ಬಂದರು. ಅವರ ಹೆಂಡತಿ, ನನ್ನ ಚಿಗತ್ತೆ, ಒಡವೆ ತೊಡಬಾರದೆಂಬ ಹೊಸ ನೇಮಕ್ಕೆ ಬಳೆ ತೆಗೆದಿಟ್ಟರು. ಓಣಿಯ ಮೂರು ನಾಲ್ಕು ಮನೆಯವರು ಸಂಜೆ ಅವರ ಅರ್ಧದ ಮನೆಯಲ್ಲಿ ಸೇರಿ ಡಿಮಡಿ ಬಾರಿಸಿ ಹಾಡತೊಡಗಿದರು.

ನನ್ನ ಚೊಚ್ಚಲ ಮಗುವಿಗೆ ನಮ್ಮ ದೇವಾಲಯದಲ್ಲಿ ದೀಕ್ಷಾಸ್ನಾನವಾದ ದಿನ ಊಟಕ್ಕೆ ಕೂತಾಗ ಸಣ್ಣ ಮಾವ ಗೋಧಿ ಹುಗ್ಗಿಯ ಮುಂದೆ ಕೈಕಟ್ಟಿ ಕೂತು, ಈ ಕೂಸಿಗೆ ಏನು ತಿಳಿದಿದೆ ಎಂದು ಇದನ್ನೆಲ್ಲ ಮಾಡಿದಿರಿ ಎಂದು ಕೇಳಿದರು. ಮಾವ ಉತ್ತರ ಕೊಟ್ಟರು. ಸಣ್ಣ ಮಾವ ತಿರುಗಿ ಕೊಟ್ಟರು. ತನಗೆ ಚಿಕ್ಕಂದಿನಲ್ಲಿ ಆದದ್ದೂ ದೀಕ್ಷೆಯಲ್ಲ ಎಂದು ತಮ್ಮ ಹೇಳಿದಾಗ ಮಾವನಿಗೆ ತಾಗಿದ್ದು ಶಾಸ್ತ್ರದ ಮಾತಲ್ಲ, ಅಪ್ಪನ ನೆನಪು. ಕೂಸಾಗಿದ್ದ ತಮ್ಮನನ್ನು ದೀಕ್ಷೆಗೆ ಅವರ ಅಪ್ಪನೇ ಎತ್ತಿ ಹಿಡಿದು ನಿಂತಿದ್ದರಂತೆ. ಹುಗ್ಗಿ ಆರಿಹೋಯಿತು. ಸ್ವಲ್ಪ ದಿನದಲ್ಲೇ ಮಾವ ಸಭೆಯ ಹಿರಿಯರಾಗಿ ದೇವಾಲಯದಲ್ಲಿ ನಿಂತು, ಎರಡನೆಯ ದೀಕ್ಷೆ ತೆಗೆದುಕೊಂಡವರಿಗೆ ಕರ್ತನ ಭೋಜನದ ರೊಟ್ಟಿ ದ್ರಾಕ್ಷಾರಸದಲ್ಲಿ ಪಾಲಿಲ್ಲ, ಅವರು ಈ ಸಭೆಯವರಲ್ಲ ಎಂದು ಓದಿದರು. ಧ್ವನಿ ನಡುಗಲಿಲ್ಲ. ಆ ಬಾಗಿಲು ಇನ್ನು ತುಳಿಯುವುದಿಲ್ಲ ಎಂದು ಸಣ್ಣ ಮಾವ ಅಂಗಳದಲ್ಲಿ ನಿಂತು ಹೇಳಿದ್ದನ್ನು ನಾವೆಲ್ಲ ಕೇಳಿದೆವು.

ಆಮೇಲೆ ಆ ಮನೆಯಲ್ಲಿ ಉಸಿರಾಡುವುದೇ ಕಷ್ಟವಾಯಿತು. ಒಂದು ಗೋಡೆಯ ಈಚೆ ಚಿಮುಕಿಸುವವರು, ಆಚೆ ಮುಳುಗುವವರು. ಈಚೆಯವರು ಕೆಮ್ಮಿದರೂ ಆಚೆಯವರು ಅದರಲ್ಲಿ ಅರ್ಥ ಹುಡುಕುತ್ತಿದ್ದರು. ಅತ್ತೆಯೂ ಚಿಗತ್ತೆಯೂ ಮಾತ್ರ ಹಿತ್ತಲ ಬಾಗಿಲಿನಿಂದ ಪಲ್ಯದ ಬಟ್ಟಲು ದಾಟಿಸುತ್ತಲೇ ಇದ್ದರು. ನಾನೂ ದಾಟಿಸಿದ್ದೇನೆ. ನೀರಿನ ಬಗ್ಗೆ ವಾದ ಮಾಡುವವರೆಲ್ಲ ಗಂಡಸರು, ಆ ನೀರನ್ನು ಸೊಂಟದ ಮೇಲೆ ಹೊರುವವರು ನಾವು ಎಂಬ ಸಿಟ್ಟು ನನಗೆ ಆಗಲೇ ಇತ್ತು, ಈಗಲೂ ಇದೆ. ವಯಸ್ಸಾದ ಮೇಲೆ ಸಿಟ್ಟು ಇಳಿಯುತ್ತದೆ ಎನ್ನುತ್ತಾರೆ. ನನ್ನದು ಮೊಣಕಾಲಿಗೆ ಇಳಿದಿದೆ ಅಷ್ಟೇ.

ಆ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ನಾನು ಕೊಡ ಹೊತ್ತು ಕೆರೆಗೆ ಹೋದೆ. ದಂಡೆಯ ಮೇಲೆ ಹೆಂಗಸರ ಗುಂಪು ಕೊಡ ತುಂಬದೆ ನಿಂತಿತ್ತು. ದಿನಾ ನನ್ನ ಕೂಸಿನ ಸುದ್ದಿ ಕೇಳುತ್ತಿದ್ದ ಗಂಗವ್ವ ಮೆಟ್ಟಿಲಿಗೆ ಅಡ್ಡ ಬಂದಳು.

"ಕೊಡಾ ಕೆಳಗ ಒಯ್ಯಬ್ಯಾಡ ತಂಗಿ. ನಿಮ್ಮ ಮಂದಿ ಕೆರಿಯಾಗ ಇಳದಾರ. ಎದಿಮಟ ನೀರಾಗ ನಿಂತು ಮುಣಗ್ಯಾರ. ಊರು ಕಾಯೂ ವಾಲೀಕಾರ ಕಣ್ಣಾರೆ ನೋಡ್ಯಾನ."

ನಡೆದದ್ದು ಹೀಗೆ. ಹುಬ್ಬಳ್ಳಿಯ ಬೋಧಕರು ಬಂದಿದ್ದರು, ಹೊಸದಾಗಿ ನಂಬಿದ ಆರೇಳು ಜನ ಮುಳುಗುವುದಕ್ಕೆ ಕಾದಿದ್ದರು. ಹಳ್ಳ ಬತ್ತಿತ್ತು. ಹೊಲದ ಬಾವಿಯವರು ಆಗುವುದಿಲ್ಲ ಎಂದಿದ್ದರು. ಬೋಧಕರು ಮರುದಿನ ಹೊರಡಬೇಕು. ಬೋಧಕರಿಗೆ ಊರಿನ ನೇಮ ಗೊತ್ತಿರಲಿಲ್ಲ. ಸಣ್ಣ ಮಾವನಿಗೆ ಚೆನ್ನಾಗಿ ಗೊತ್ತಿತ್ತು. ಎಲ್ಲರೂ ಮನೆಯಲ್ಲೇ ಮೈ ತೊಳೆದುಕೊಂಡು, ಒಗೆದ ಬಿಳಿ ಬಟ್ಟೆ ಉಟ್ಟು, ಒಂದೇ ಒಂದು ಸಲ, ಯಾರೂ ಏಳುವುದರೊಳಗೆ ಇಳಿದು ಬಂದರೆ ನೀರಿಗೆ ಏನಾಗುತ್ತದೆ ಎಂದು ಅವರು ತಮಗೆ ತಾವೇ ಹೇಳಿಕೊಂಡಿದ್ದರು. ದೇವರ ಕೆಲಸ ಎಂಬ ಹುಮ್ಮಸ್ಸಿನಲ್ಲಿ ಕುಡಿಯುವ ನೀರಿಗೆ ಕಾಲಿಟ್ಟರು. ಮಾವನ ಪಾಠವನ್ನು ಅಷ್ಟು ವರ್ಷ ಕೇಳಿದ ಮನೆಯವರೇ ಇಟ್ಟರು.

ನಾನು ಖಾಲಿ ಕೊಡದೊಂದಿಗೆ ಹಿಂದಿರುಗಿದೆ. ಮನೆಯಲ್ಲಿ ಇದ್ದದ್ದು ಒಂದು ಹಂಡೆಯ ತಳದ ನೀರು. ಅದರಲ್ಲೇ ಕೂಸಿಗೆ ಗಂಜಿ ಕಾಸಿದೆವು. ಸಂಜೆ ಚಾವಡಿಗೆ ಬರಬೇಕೆಂದು ಓಣಿಗೆಲ್ಲ ಕರೆ ಬಂತು.

ಚಾವಡಿಯ ಪಕ್ಕದ ಬೇವಿನ ಗಿಡದ ಕೆಳಗೆ ನಾವು ಹೆಂಗಸರು ನಿಂತೆವು, ನನ್ನ ಸೊಂಟದ ಮೇಲೆ ಕೂಸು. ಊರ ಗೌಡರು ನ್ಯಾಯವಂತರೇ, ಆದರೆ ಆ ದಿನ ಅವರ ದವಡೆ ಬಿಗಿದಿತ್ತು. ಅವರ ತಂಗಿಯೊಬ್ಬಳು ನಾರುಹುಣ್ಣಿನಿಂದ ಕಾಲು ಕುಂಟಾಗಿ ಕೂತವಳು. ಜನರ ಗುಂಪಿನಿಂದ ಕೆರೆಯಿಂದಲೇ ಇವರನ್ನು ತೆಗೆಯಬೇಕೆಂಬ ಮಾತು ಕೇಳುತ್ತಿತ್ತು. ಗೌಡರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿ, ಮಾವನ ಕಡೆ ತಿರುಗಿದರು.

"ಮಾಸ್ತರ, ನೀರಾಗ ಕಾಲ ಇಡಬ್ಯಾಡ್ರಿ ಅಂತ ನಮಗ ಕಲಿಸಿದವ್ರು ನೀವ. ಈ ಮಂದೀನ ನೀವು ನಿಮ್ಮ ಸಭಾದಿಂದ ಹೊರಗ ಹಾಕೀರಿ ಅಂತನೂ ಕೇಳೇನಿ. ಒಂದ ಮಾತು ಹೇಳ್ರಿ. ಇವರು ನಿಮ್ಮವರೋ, ಅಲ್ಲೋ?"

ಪ್ರಶ್ನೆಯಲ್ಲೇ ಬಾಗಿಲು ತೆರೆದಿಟ್ಟಿದ್ದರು ಗೌಡರು. ಅಲ್ಲ ಎಂದರೆ ಇಳಿದವರ ಮೂರು ನಾಲ್ಕು ಮನೆಗಳಿಗೆ ಮಾತ್ರ ನೀರು ನಿಲ್ಲುತ್ತದೆ. ನಮ್ಮ ಕಲ್ಲು ನಮಗೆ ಉಳಿಯುತ್ತದೆ. ಅಲ್ಲ ಎನ್ನುವುದು ಸುಳ್ಳೂ ಆಗಿರಲಿಲ್ಲ. ಆ ಮಾತನ್ನು ಮಾವ ದೇವರ ಸನ್ನಿಧಿಯಲ್ಲಿ ನಿಂತು ಓದಿದ್ದರು. ನಮ್ಮ ಸಭೆಯ ಇನ್ನೊಬ್ಬ ಹಿರಿಯ ಜೀವಪ್ಪನವರು ಮಾವನ ಅಂಗಿಯ ತೋಳು ಹಿಡಿದು, ಅಲ್ಲ ಎಂದುಬಿಡಿ ಎಂದು ಪಿಸುಗುಟ್ಟಿದ್ದು ನನಗೇ ಕೇಳಿಸಿತು. ನಿಜ ಹೇಳುತ್ತೇನೆ, ನಾನೂ ಮನಸ್ಸಿನಲ್ಲಿ ಅದನ್ನೇ ಹೇಳುತ್ತಿದ್ದೆ. ನನ್ನ ಕೂಸಿನ ತುಟಿ ಒಣಗಿತ್ತು.

ಮಾವ ಬಾಯಿ ತೆರೆಯುವ ಮೊದಲೇ ಸಣ್ಣ ಮಾವ ಎದ್ದು ನಿಂತರು. ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

"ಗೌಡ್ರ, ಅಣ್ಣನ್ನ ಕೇಳಬ್ಯಾಡ್ರಿ. ನಾ ಅವರ ಸಭಾದಾಂವ ಅಲ್ಲ. ನೇಮ ಗೊತ್ತಿದ್ದೂ ಗೊತ್ತಿದ್ದೂ ಇಳದಾಂವ ನಾನು, ಮಂದೀನ ಕರಕೊಂಡ ಹೋದಾಂವನೂ ನಾನ. ಏನ ಮಾಡೂದೈತಿ ನನಗ ಮಾಡ್ರಿ. ಅವರ ನೀರು ನಿಂದ್ರಸಬ್ಯಾಡ್ರಿ."

ಮಾವ ಜೀವಪ್ಪನವರ ಕೈಯನ್ನು ತೋಳಿನಿಂದ ಮೆಲ್ಲಗೆ ಬಿಡಿಸಿದರು.

"ಅವ ಹೇಳೂದು ಖರೇ ಐತ್ರಿ. ಹೊರಗ ಹಾಕಿದಾಂವ ನಾನ. ಅವನ ಮುಳುಗುಸ್ನಾನ ನಾ ಆವತ್ತೂ ಒಪ್ಪಿಲ್ಲ, ಇವತ್ತೂ ಒಪ್ಪೂದಿಲ್ಲ. ಅದು ನಮ್ಮ ದೇವರ ಮುಂದ ನಾವು ಆಡೂ ಜಗಳ. ನಿಮ್ಮ ಮುಂದ ಅವ ನಮ್ಮಾಂವ. ನೀರು ಕೆಡಸಿದವ್ರು ನಮ್ಮವರ್ರಿ. ಏನ ಹೇಳ್ತೀರಿ, ಓಣಿಗೆಲ್ಲ ಹೇಳ್ರಿ."

ಜೀವಪ್ಪನವರು ಎದ್ದು ಹೊರಟುಹೋದರು. ಗೌಡರು ಹಿರಿಯರೊಡನೆ ಮಾತಾಡಿ ತೀರ್ಮಾನ ಹೇಳಿದರು. ಕೆರೆಯ ನೀರು ಹಿಂದೆ ಸರಿದು ಒಣಗಿದ್ದ ಭಾಗದ ಹೂಳನ್ನು ಮಳೆ ಬರುವುದರೊಳಗೆ ನಮ್ಮ ಓಣಿಯವರು ಹೊತ್ತು ಹಾಕಬೇಕು. ಆ ಕೆಲಸ ಮುಗಿಯುವವರೆಗೆ ನಮ್ಮ ಕೊಡ ಕೆರೆಯ ನೀರಿಗೆ ತಾಗಬಾರದು. ನಾವು ದಂಡೆಯ ಮೇಲೆ ನಿಲ್ಲಬೇಕು, ಬೇರೆಯವರು ಮೇಲಿನಿಂದ ಹೊಯ್ಯುತ್ತಾರೆ. ಅಜ್ಜ ವರ್ಷಗಟ್ಟಲೆ ಅಲೆದು ಕಳೆದ ಅವಮಾನ ಒಂದೇ ಮಾತಿನಲ್ಲಿ ಮರಳಿ ಬಂತು. ಮಾವ ಕೈಮುಗಿದು ಒಪ್ಪಿಕೊಂಡರು. ಓಣಿಯ ಯಾರನ್ನೂ ಒಂದು ಮಾತು ಕೇಳದೆ ಒಪ್ಪಿಕೊಂಡರು ಎಂಬುದನ್ನು ನಾನು ಇಲ್ಲಿ ಸೇರಿಸಲೇಬೇಕು. ಮನೆಗೆ ಬರುವ ದಾರಿಯುದ್ದಕ್ಕೂ ನನಗೆ ಅವರ ಮೇಲೆ ಸಿಟ್ಟು ಕುದಿಯಿತು. ದೊಡ್ಡ ಮನಸ್ಸು ಅವರದು, ದಂಡೆಯ ಮೇಲೆ ನಿಲ್ಲುವ ಕಾಲು ನನ್ನದು.

ಅಂದು ದೀಪ ಹಚ್ಚುವ ಹೊತ್ತಿಗೆ ಸಣ್ಣ ಮಾವ ನಮ್ಮ ಬದಿಯ ಹೊಸ್ತಿಲಿಗೆ ಬಂದು ನಿಂತರು. ಎಷ್ಟೋ ತಿಂಗಳ ಮೇಲೆ ಬಂದದ್ದು. ಒಳಗೆ ಬರಲಿಲ್ಲ.

"ಅಣ್ಣಾ, ತಪ್ಪಾತು. ಮುಣಗಿದ್ದಕ್ಕ ಅಲ್ಲ. ಕುಡಿಯೂ ನೀರಾಗ ಮುಣಗಿದ್ದಕ್ಕ."

"ನನ್ನ ಲೆಕ್ಕದಾಗ ಎರಡೂ ತಪ್ಪು," ಎಂದರು ಮಾವ. ದೀಪದ ಬತ್ತಿ ಏರಿಸಿ, "ಉಂಡೀಯೇನು?" ಎಂದರು.

ಅತ್ತೆ ಒಳಗಿನಿಂದ ತಾಟು ತಂದಿಟ್ಟರು. ಕುಡಿಯಲು ಇಡುವುದಕ್ಕೆ ನೀರು ಇರಲಿಲ್ಲ. ಮಜ್ಜಿಗೆ ಕೊಟ್ಟರು.

ಮರುದಿನದಿಂದ ಹೂಳಿನ ಕೆಲಸ. ಚಿಮುಕಿಸುವವರೂ ಮುಳುಗುವವರೂ ಒಂದೇ ಸಾಲಿನಲ್ಲಿ ಬುಟ್ಟಿ ಹೊತ್ತರು. ಸಂಪಿನ ಕೆಸರಿನ ಹಾಗೆಯೇ ನಾರುವ ಕರಿ ಮಣ್ಣು, ಬಿಸಿಲಿಗೆ ಮೇಲೆ ಬಿರಿದು ಒಳಗೆ ಹಸಿಯಾಗಿರುತ್ತಿತ್ತು. ಮಾವನಿಗೆ ಅರವತ್ತು ದಾಟಿತ್ತು, ಬೇಡವೆಂದರೂ ಕೇಳಲಿಲ್ಲ. ಬುಟ್ಟಿ ತಲೆಯ ಮೇಲೆ ಇಟ್ಟುಕೊಂಡೇ ಅಣ್ಣತಮ್ಮಂದಿರು ವಾದಕ್ಕೆ ಇಳಿಯುತ್ತಿದ್ದರು. ಮನೆಮಂದಿಯೆಲ್ಲ ದೀಕ್ಷೆ ತೆಗೆದುಕೊಂಡರು ಎಂದು ಬೈಬಲ್ಲಿನಲ್ಲೇ ಇದೆ, ಮನೆಮಂದಿಯೆಲ್ಲ ಎಂದರೆ ಕೂಸೂ ಬಂತಲ್ಲ ಎಂದು ಮಾವ. ಆ ಮನೆಯಲ್ಲಿ ಕೂಸು ಇತ್ತೆಂದು ಯಾರು ನೋಡಿದರು ಎಂದು ಸಣ್ಣ ಮಾವ. ಆದರೆ ವಾದದ ದನಿ ಬದಲಾಗಿತ್ತು. ಒಬ್ಬರು ಬುಟ್ಟಿ ಇಳಿಸುವಾಗ ಇನ್ನೊಬ್ಬರು ಮಾತು ನಿಲ್ಲಿಸಿ ಕೈ ಕೊಡುತ್ತಿದ್ದರು, ಇಳಿಸಿದ ಮೇಲೆ ನಿಲ್ಲಿಸಿದ ಕಡೆಯಿಂದಲೇ ಮತ್ತೆ ಶುರು.

ನಾನು ದಂಡೆಯ ಮೇಲೆ ನಿಂತೆ. ಗಂಗವ್ವ ನೀರು ತುಂಬಿ ತಂದು ನನ್ನ ಕೊಡಕ್ಕೆ ಹೊಯ್ಯುತ್ತಿದ್ದಳು. ಮೊದಲ ದಿನ ನನ್ನ ಮುಖ ನೋಡಲಿಲ್ಲ. ಎರಡನೆಯ ದಿನ, ಸರದಿಯಲ್ಲಿ ಹಿಂದಿದ್ದ ನನ್ನನ್ನು ಮುಂದೆ ಕರೆದು, ಕೂಸಿದ್ದವರಿಗೆ ಮೊದಲು ಎಂದಳು. ಅವಮಾನವೂ ಉಪಕಾರವೂ ಒಂದೇ ಧಾರೆಯಲ್ಲಿ ಬಂದರೆ ಮನುಷ್ಯರಿಗೆ ಏನು ಮಾಡಬೇಕೋ ತಿಳಿಯುವುದಿಲ್ಲ. ನಾನು ಅತ್ತುಬಿಟ್ಟೆ. ಮುಂಗಾರು ಬೀಳುವ ಮುನ್ನ ಹೂಳು ಮುಗಿಯಿತು, ಗೌಡರೇ ಬಂದು ನಮ್ಮ ಕಲ್ಲಿಗೆ ನಾವು ಹೋಗಬಹುದೆಂದರು. ಊರಿನ ಮಟ್ಟಿಗೆ ವಿಷಯ ಅಲ್ಲಿಗೆ ತೀರಿತು.

ನಮ್ಮೊಳಗೆ ತೀರಿರಲಿಲ್ಲ. ಹೂಳಿನ ಕೆಲಸ ಇನ್ನೂ ನಡೆದಿದ್ದಾಗಲೇ ಒಂದು ಭಾನುವಾರ ನಮ್ಮ ಸಭೆಯ ಪಾದ್ರಿ ಅಯ್ಯನವರು ಕರ್ತನ ಭೋಜನ ನಡೆಸಲು ಪೇಟೆಯಿಂದ ಬಂದರು. ಆರಾಧನೆ ಶುರುವಾಗುವ ಮೊದಲೇ ಜೀವಪ್ಪನವರು ಎದ್ದು ನಿಂತರು. ಸಭೆಯ ಶಿಸ್ತು ಮುರಿದವರನ್ನು ನಮ್ಮವರೆಂದು ಹೇಳಿ, ಯಾರನ್ನೂ ಕೇಳದೆ ಇಡೀ ಓಣಿಯ ನೀರನ್ನು ಒತ್ತೆ ಇಟ್ಟವರು ಹಿರಿಯರ ಬೆಂಚಿನಲ್ಲಿ ಕೂರುವುದು ಸರಿಯಲ್ಲ ಎಂದರು. ಅವರು ಕೆಟ್ಟವರಲ್ಲ. ಅವರ ಹೆಂಡತಿಯೂ ಬಿಸಿಲಲ್ಲಿ ನನ್ನ ಪಕ್ಕವೇ ನಿಲ್ಲುತ್ತಿದ್ದವಳು. ಅಯ್ಯನವರು ಮಾವನ ಕಡೆ ನೋಡಿದರು. ಈಗ ಜಗಳ ಶುರುವಾಗುತ್ತದೆ ಎಂದು ನಾನು ಸೆರಗು ಹಿಡಿದುಕೊಂಡೆ.

ಓಣಿಯವರನ್ನು ಕೇಳದೆ ಮಾತು ಕೊಟ್ಟದ್ದು ತನ್ನ ತಪ್ಪೇ ಎಂದು ಮಾವ ಹೇಳಿದರು. ಎದ್ದು, ಹಿರಿಯರ ಬೆಂಚು ಬಿಟ್ಟು, ಎಲ್ಲರ ನಡುವೆ ನಡೆದು ಹೋಗಿ ಬಾಗಿಲ ಹತ್ತಿರದ ಕೊನೆಯ ಜಮಖಾನೆಯ ಮೇಲೆ ಕೂತರು. ಅಷ್ಟು ವರ್ಷ ಮುಂದೆ ಕೂತ ಮನುಷ್ಯರು ಹಿಂದೆ ಕೂತಾಗ ಎಷ್ಟು ಸಣ್ಣವರಾಗಿ ಕಾಣುತ್ತಾರೆ ಎಂದು ನಾನು ಅಂದು ನೋಡಿದೆ. ಎರಡನೆಯ ಹಾಡಿನ ಹೊತ್ತಿಗೆ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಸುದ್ದಿ ಗೋಡೆಯಾಚೆಗೆ ಹೇಗೆ ಹೋಯಿತೋ, ಆ ಬಾಗಿಲು ತುಳಿಯುವುದಿಲ್ಲ ಎಂದಿದ್ದ ಸಣ್ಣ ಮಾವ ಒಳಗೆ ಬಂದು ಅಣ್ಣನ ಪಕ್ಕದಲ್ಲಿ ಕೂತರು. ಯಾರ ಮುಖವನ್ನೂ ನೋಡಲಿಲ್ಲ.

ಭೋಜನದ ಹೊತ್ತು ಬಂತು. ಸಾಲು ಸಾಲಾಗಿ ಜನ ಎದ್ದು ಮುಂದೆ ಹೋದರು, ನಾನೂ ಹೋಗಿ ಬಂದೆ. ಕೊನೆಯ ಸಾಲು ಉಳಿಯಿತು. ಸಣ್ಣ ಮಾವ ಏಳುವಂತಿರಲಿಲ್ಲ. ಪಾಲಿಲ್ಲವೆಂದು ಓದಿದವರೇ ಪಕ್ಕದಲ್ಲಿ ಕೂತಿದ್ದರು. ಮಾವ ಏಳಬಹುದಿತ್ತು. ಏಳಲಿಲ್ಲ. ಸಣ್ಣ ಮಾವ ಅವರ ಮೊಣಕೈ ಮುಟ್ಟಿ ಹೋಗು ಎಂಬಂತೆ ಸನ್ನೆ ಮಾಡಿದರು. ಅಯ್ಯನವರು ಪಾತ್ರೆ ಕೈಯಲ್ಲಿ ಹಿಡಿದು ಕಾಯುತ್ತಿದ್ದರು. ಆಗ ಮಾವ ಕೂತಲ್ಲಿಂದಲೇ ಹೇಳಿದರು.

"ನಾ ಓದಿದ ನೇಮ ನಾನ ಹೆಂಗ ಮುರೀಲ್ರಿ ಅಯ್ಯನವರ? ಇವನ್ನ ಬಿಟ್ಟ ಹೆಂಗ ಬರಲಿ? ಇವತ್ತು ಇಲ್ಲೇ ಕುಂದರತೀನಿ."

ಅಯ್ಯನವರು ಪಾತ್ರೆಯನ್ನು ಮೇಜಿನ ಮೇಲಿಟ್ಟು ತಲೆ ತಗ್ಗಿಸಿದರು. ಜೀವಪ್ಪನವರು ಅಂದು ಕೊನೆಯ ಹಾಡಿಗೆ ಬಾಯಿ ತೆರೆಯಲಿಲ್ಲ.

ಇದರಿಂದ ಯಾರ ನಂಬಿಕೆಯೂ ಬದಲಾಗಲಿಲ್ಲ. ನೇಮವೂ ಬದಲಾಗಲಿಲ್ಲ. ಇಬ್ಬರೂ ತಮ್ಮ ತಮ್ಮ ಮಾತಿಗೆ ಅಂಟಿಕೊಂಡೇ ಮುದುಕರಾದರು, ಆಮೇಲೆ ತೀರಿಕೊಂಡರು. ನನ್ನನ್ನು ಕೇಳಿದರೆ ನಾನು ಇವತ್ತಿಗೂ ಮಾವನ ಕಡೆಯವಳು. ಕೂಸನ್ನು ದೇವರ ಕೈಗೆ ಕೊಡುವುದಕ್ಕೆ ಕೂಸಿನ ಒಪ್ಪಿಗೆ ಬೇಕಿಲ್ಲ ಎಂದೇ ನನ್ನ ವಾದ, ಬೇಕಾದರೆ ಬಂದು ವಾದಿಸಿ.

ಈಗ ನಾನು ಹೋಗುವ ದೇವಾಲಯದಲ್ಲಿ ಒಬ್ಬ ನರ್ಸ್ ಹುಡುಗಿ ಇದ್ದಾಳೆ. ನಮ್ಮ ಸಭೆಯಲ್ಲೇ ಬೆಳೆದವಳು. ವರ್ಷದ ಹಿಂದೆ ಬೇರೆ ಕಡೆ ಹೋಗಿ ಮುಳುಗುಸ್ನಾನ ತೆಗೆದುಕೊಂಡಳು, ಅದಕ್ಕೆ ಇಲ್ಲಿ ಅವಳಿಗೆ ಭೋಜನ ನಿಂತಿದೆ. ಆದರೂ ತಾಯಿಯನ್ನು ಕರೆದುಕೊಂಡು ಬರುತ್ತಾಳೆ. ತಾಯಿ ಮುಂದೆ ಹೋಗುತ್ತಾಳೆ, ಇವಳು ಕೊನೆಯ ಬೆಂಚಿನಲ್ಲಿ ಒಬ್ಬಳೇ ಕೂರುತ್ತಾಳೆ. ನಾನು ಅವಳೊಡನೆ ಎರಡು ಸಲ ವಾದ ಮಾಡಿದ್ದೇನೆ, ಎರಡು ಸಲವೂ ನಾನೇ ಗೆದ್ದೆ ಎಂದುಕೊಂಡಿದ್ದೇನೆ. ಸಂಪು ತೊಳೆದ ವಾರದ ಭಾನುವಾರ ನಾನು ನನ್ನ ಜಾಗ ಬಿಟ್ಟು ಹೋಗಿ ಅವಳ ಪಕ್ಕ ಕೂತೆ. ಅವಳು ಸ್ವಲ್ಪ ಸರಿದು ಜಾಗ ಕೊಟ್ಟಳು, ನಾನು ಮೂರನೆಯ ವಾದಕ್ಕೆ ಬಂದೆ ಎಂದುಕೊಂಡಿರಬೇಕು. ಭೋಜನಕ್ಕೆ ಎಲ್ಲರೂ ಎದ್ದರು. ನಾನು ಏಳಲಿಲ್ಲ. ಅವಳು ನನ್ನ ಕಡೆ ನೋಡಿದಳು, ಆಮೇಲೆ ಕೈಯಲ್ಲಿದ್ದ ಕರವಸ್ತ್ರದ ಕಡೆ ನೋಡಿದಳು.

ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ನಿಂತಿದ್ದ ನಮ್ಮ ಹರೆಯದ ಅಯ್ಯನವರು ನನ್ನ ಕೈ ಹಿಡಿದು, "ಯಾಕ್ರಿ ಅಮ್ಮಾರ, ಇವತ್ತ ಮುಂದ ಬರಲಿಲ್ಲ? ಮೊಣಕಾಲ ನೋವೇನ್ರಿ?" ಎಂದು ಕೇಳಿದರು.

"ಮೊಣಕಾಲ ಆರಾಮದಾವ್ರಿ," ಎಂದೆ. "ನಮ್ಮಾಕಿ ಒಬ್ಬಾಕಿ ಹಿಂದ ಕುಂತಿದ್ಲು."